ರೈಲಿನ ದಾರಿ ಬರೆಯುವ ಮುಂಚೆ ನಮ್ಮ ಬಸ್ ಟಿಕೆಟ್ ನೋಡಿ

ನೈರುತ್ಯ ರೈಲ್ವೆಯಲ್ಲಿ ಹೊಸ ಮಾರ್ಗ ಮತ್ತು ವೇಳಾಪಟ್ಟಿ ನೋಡಿಕೊಳ್ಳುವ ಅಧಿಕಾರಿಗಳಿಗೆ, ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯ ಅಧಿಕಾರಿಗಳಿಗೆ ಮತ್ತು ರಾಜ್ಯ ಸರ್ಕಾರದ ಮೂಲಸೌಕರ್ಯ ಇಲಾಖೆಗೆ,

ಧಾರವಾಡದಿಂದ ನಮಸ್ಕಾರ.

ಈ ಪತ್ರ ಬರೆಯಲು ಕೂತಾಗ ಪರ್ಸಿನಿಂದ ಒಂದು ಬಸ್ ಟಿಕೆಟ್ ತೆಗೆದು ಮುಂದೆ ಇಟ್ಟುಕೊಂಡೆ. ತೆಳ್ಳನೆಯ ಕಾಗದ. ಆಗಲೇ ಅಕ್ಷರ ಮಾಸಿದೆ. ಆದರೂ ಓದಲು ಬರುತ್ತದೆ. ಹತ್ತಿದ್ದು ಧಾರವಾಡ, ಇಳಿಯುವುದು ಬೆಳಗಾವಿ. ದಿನಾಂಕ ಇದೆ, ಹೊತ್ತು ಇದೆ. ದುಡ್ಡಿನ ಜಾಗದಲ್ಲಿ ಸೊನ್ನೆ. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾಯಿತಲ್ಲ, ಅಲ್ಲಿಂದ ಇಂಥ ಟಿಕೆಟ್ ನನಗೆ ದಿನಕ್ಕೆ ಎರಡು ಸಿಗುತ್ತವೆ. ಬೆಳಗ್ಗೆ ಒಂದು, ಸಂಜೆ ಒಂದು. ಅದಕ್ಕೂ ಮುಂಚೆ ವರ್ಷಗಟ್ಟಲೆ ದುಡ್ಡು ಕೊಟ್ಟು ಇದೇ ದಾರಿಯಲ್ಲಿ ಓಡಾಡಿದ್ದೇನೆ.

2025ರ ಜುಲೈ ಹೊತ್ತಿಗೆ ರಾಜ್ಯದಲ್ಲಿ ಇಂಥ ಫ್ರೀ ಟಿಕೆಟ್‌ಗಳ ಲೆಕ್ಕ 500 ಕೋಟಿ ದಾಟಿತು. ಯೋಜನೆ ಸರಿಯೋ ತಪ್ಪೋ ಅನ್ನುವ ವಾದ ಬೇರೆ. ಅದನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಕಣ್ಣಿಗೆ ಕಾಣುವುದು ಬೇರೆಯೇ ಒಂದು ಸಂಗತಿ. ಆ ಒಂದೊಂದು ಚೀಟಿಯೂ ಒಬ್ಬ ಹೆಣ್ಣುಮಗಳು ಎಲ್ಲಿ ಹತ್ತಿದಳು, ಎಲ್ಲಿಗೆ ಹೊರಟಳು ಅಂತ ಹೇಳುತ್ತದೆ. ಗಂಡಸರ ಟಿಕೆಟ್ ಕೂಡ ಅದೇ ಮಷಿನ್‌ನಿಂದ ಬರುತ್ತದೆ. ನಮ್ಮ ಜನ ಎಲ್ಲಿಂದ ಎಲ್ಲಿಗೆ ಓಡಾಡುತ್ತಾರೆ ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ದಾಖಲೆ ಈ ರಾಜ್ಯದಲ್ಲಿ ಇರಲಿಕ್ಕಿಲ್ಲ. ರೈಲು ಎಲ್ಲಿ ಹಾಯಬೇಕು, ಸ್ಟೇಷನ್ ಎಲ್ಲಿ ಇರಬೇಕು, ಗಾಡಿ ಎಷ್ಟು ಗಂಟೆಗೆ ಬಿಡಬೇಕು ಅಂತ ಗೊತ್ತು ಮಾಡುವ ಮುಂಚೆ ಈ ದಾಖಲೆ ಬಿಚ್ಚಿ ನೋಡಿ. ಅದನ್ನು ಕೇಳಲಿಕ್ಕೇ ಈ ಪತ್ರ.

ನನ್ನ ದಾರಿಯನ್ನೇ ತೆಗೆದುಕೊಳ್ಳಿ. ಧಾರವಾಡದಿಂದ ಬೆಳಗಾವಿಗೆ ಪುಣೆ–ಬೆಂಗಳೂರು ಹೆದ್ದಾರಿ ಇದೆ. ನಮ್ಮ ಬಾಯಲ್ಲಿ ಪಿ.ಬಿ. ರೋಡ್. ಹೆಚ್ಚು ಕಡಿಮೆ 80 ಕಿಲೋಮೀಟರ್. ರೈಲು ಈ ದಾರಿ ಹಿಡಿಯುವುದಿಲ್ಲ. ಧಾರವಾಡ ಬಿಟ್ಟು ಮುಗದ, ಅಳ್ನಾವರ ದಾಟಿ ಕಾಡಂಚಿನ ಲೋಂಡಾಕ್ಕೆ ಹೋಗುತ್ತದೆ. ಅಲ್ಲಿಂದ ಬಳಸಿಕೊಂಡು ಖಾನಾಪುರ, ದೇಸೂರು ಹಾದು ಬೆಳಗಾವಿಗೆ ಬರುತ್ತದೆ. ಅದು ಸುಮಾರು 120 ಕಿಲೋಮೀಟರ್.

ಹೀಗೆ ಬಳಸಿದ್ದಕ್ಕೂ ಕಾರಣ ಇತ್ತು. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಈ ಹಳಿ ಹಾಕಿತು. 1876–78ರ ದೊಡ್ಡ ಬರ ಆಗಿಹೋಗಿ ಹೆಚ್ಚು ವರ್ಷ ಆಗಿರಲಿಲ್ಲ. ಬರದ ಸೀಮೆಗೆ ಕಾಳುಕಡಿ ಬರಬೇಕಿತ್ತು, ಇಲ್ಲಿಯ ಹತ್ತಿ ಮರ್ಮಗೋವಾ ಬಂದರು ಮುಟ್ಟಬೇಕಿತ್ತು. ಹಾಗಾಗಿ ಹಳಿ ಘಟ್ಟದ ಕಡೆ, ಕ್ಯಾಸಲ್‌ರಾಕ್ ಕಡೆ ಮುಖ ಮಾಡಿತು. ಸರಕು ಎಲ್ಲಿಗೆ ಹೋಗಬೇಕಿತ್ತೋ ಅಲ್ಲಿಗೆ ಹಳಿ ಹೋಯಿತು. ಆ ಕಾಲಕ್ಕೆ ಅದು ಸರಿಯಾದ ಲೆಕ್ಕವೇ. 1990ರ ದಶಕದಲ್ಲಿ ಮೀಟರ್ ಗೇಜ್ ತೆಗೆದು ಬ್ರಾಡ್ ಗೇಜ್ ಮಾಡಿದರು. ಹಳಿ ಅಗಲವಾಯಿತು, ದಾರಿ ಅದೇ ಉಳಿಯಿತು. ಹತ್ತಿ ಮೂಟೆಗೆ ಅಂತ ಹಾಕಿದ ದಾರಿಯಲ್ಲೇ ಇವತ್ತಿಗೂ ಆಸ್ಪತ್ರೆಗೆ ಹೋಗುವವರು, ಕಾಲೇಜಿಗೆ ಹೋಗುವವರು ಹೋಗಬೇಕು.

ಈ ನಡುವೆ ಪಿ.ಬಿ. ರೋಡಿನ ಪಕ್ಕಕ್ಕೆ ಏನೇನು ಬಂತು ನೋಡಿ. ಧಾರವಾಡ ದಾಟುತ್ತಿದ್ದಂತೆ ಹೈಕೋರ್ಟ್ ಪೀಠ, 2008ರಿಂದ. ಅದೇ ಬದಿಗೆ ಬೇಲೂರು ಇಂಡಸ್ಟ್ರಿಯಲ್ ಏರಿಯಾ, ಮುಮ್ಮಿಗಟ್ಟಿಯ ಕಾರ್ಖಾನೆಗಳು. ಮುಂದೆ ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಹಿರೇಬಾಗೇವಾಡಿ. ಬೆಳಗಾವಿ ಮುಟ್ಟುವ ಮುಂಚೆ ಹಲಗಾದ ಹತ್ತಿರ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧ. ಕೋರ್ಟು, ಕೆಲಸ, ಕಾರ್ಖಾನೆ ಎಲ್ಲ ಡಾಂಬರಿನ ಬದಿಗೆ ಬಂದು ಕೂತವು. ಹಳಿ ಇರುವುದು ಅಲ್ಲಿಂದ ದೂರದ ಕಾಡಿನಲ್ಲಿ.

ಬೆಳಗ್ಗೆ ಏಳೂವರೆಗೆ ಧಾರವಾಡದ ಹೊಸ ಬಸ್ ಸ್ಟ್ಯಾಂಡಿಗೆ ಬನ್ನಿ. ಹುಬ್ಬಳ್ಳಿಯಿಂದ ಬರುವ ಬೆಳಗಾವಿ ಬಸ್ ಅರ್ಧಕ್ಕಿಂತ ಜಾಸ್ತಿ ತುಂಬಿಕೊಂಡೇ ಬಂದಿರುತ್ತದೆ. ಕಂಡಕ್ಟರ್ ಬಾಗಿಲಲ್ಲೇ ನಿಂತು, "ಹಿಂದ ಜಾಗಾ ಐತಿ, ಒಳಗ ಸರೀರಿ, ಒಳಗ ಸರೀರಿ" ಅಂತ ಕೂಗುತ್ತಿರುತ್ತಾರೆ. ಹಿಂದೆ ಜಾಗ ಇರುವುದಿಲ್ಲ. ಆದರೂ ಎಲ್ಲರೂ ಹತ್ತುತ್ತಾರೆ. ಕಪ್ಪು ಕೋಟು ಕೈ ಮೇಲೆ ಮಡಿಸಿಟ್ಟುಕೊಂಡ ಕಿರಿಯ ವಕೀಲರು. ಟಿಫಿನ್ ಚೀಲ ಹಿಡಿದ ಕಾರ್ಖಾನೆಯ ಹುಡುಗರು. ಕಿತ್ತೂರಿನ ಶಾಲೆಗೆ ಹೋಗುವ ಇಬ್ಬರು ಟೀಚರ್‌ಗಳು, ಒಬ್ಬರ ಮಡಿಲಲ್ಲಿ ಯಾವಾಗಲೂ ತಿದ್ದಬೇಕಾದ ನೋಟ್‌ಬುಕ್ಕಿನ ಕಟ್ಟು. ಇವರು ಯಾರೂ ಬೆಂಗಳೂರಿಗೂ ಹೊರಟಿಲ್ಲ, ಪುಣೆಗೂ ಹೊರಟಿಲ್ಲ. ಇಪ್ಪತ್ತು, ಮೂವತ್ತು, ಎಂಬತ್ತು ಕಿಲೋಮೀಟರಿನ ಜನ. ಸಂಜೆ ಮನೆಗೆ ವಾಪಸ್ ಬಂದು ಅಡಿಗೆ ಮಾಡಬೇಕಾದ ಜನ.

ಹೋದ ಮಳೆಗಾಲದಲ್ಲಿ ಒಬ್ಬ ಅಜ್ಜಿ ನನ್ನ ಪಕ್ಕ ಕೂತಿದ್ದರು. ತೊಡೆ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಎಕ್ಸ್‌ರೇ, ಆಸ್ಪತ್ರೆಯ ಫೈಲು.

"ಎಲ್ಲಿಗ್ರೀ ಯವ್ವಾ?" ಅಂದೆ.

"ಬೆಳಗಾಂವಿ ದೊಡ್ಡ ದವಾಖಾನಿಗೆವ್ವಾ. ತಿಂಗಳಿಗೆರಡ ಸಲಾ ಬಾ ಅಂದಾರ."

ಎಂ.ಕೆ. ಹುಬ್ಬಳ್ಳಿ ದಾಟುವ ಹೊತ್ತಿಗೆ ಅವರು ಚಡಪಡಿಸತೊಡಗಿದರು. ನನ್ನ ಕಿವಿಯ ಹತ್ತಿರ ಬಾಗಿ, ಬಸ್ ಎಲ್ಲಾದರೂ ನಿಲ್ಲುತ್ತದೇನು ಅಂತ ಕೇಳಿದರು. ಶೌಚಕ್ಕೆ ಹೋಗಬೇಕಿತ್ತು. ಮನೆ ಬಿಟ್ಟಾಗಿನಿಂದ ಒಂದು ಗುಟುಕು ನೀರೂ ಕುಡಿದಿಲ್ಲ ಅಂದರು, ಈ ಭಯಕ್ಕೇ. ನಾನು ಕಂಡಕ್ಟರ್‌ಗೆ ಹೇಳಿದೆ. ಅವರು ಒಳ್ಳೆಯವರು, ಮುಂದಿನ ಪೆಟ್ರೋಲ್ ಬಂಕಿನಲ್ಲಿ ಬಸ್ ನಿಲ್ಲಿಸಿದರು. ಅಜ್ಜಿ ಇಳಿದು ಹೋಗಿ ಬರುವ ತನಕ ಐವತ್ತು ಜನ ಕಾದೆವು. ವಾಪಸ್ ಹತ್ತುವಾಗ ಅವರು ಯಾರ ಮುಖವನ್ನೂ ನೋಡಲಿಲ್ಲ.

ಇದನ್ನು ಯಾಕೆ ಬರೆದೆ ಅಂದರೆ, ಬಸ್ ಫ್ರೀ ಇರುವಾಗ ಹೆಣ್ಣುಮಕ್ಕಳು ರೈಲನ್ನು ಯಾಕೆ ಕೇಳುತ್ತಾರೆ ಅಂತ ಒಬ್ಬರು ನನ್ನನ್ನು ಕೇಳಿದ್ದರು. ರೈಲಿನಲ್ಲಿ ಶೌಚಾಲಯ ಇದೆ, ಅದಕ್ಕೆ. ಮಂಡಿ ನೋವಿನವರು ಕಾಲು ಚಾಚಬಹುದು. ಬಸುರಿ ಹೆಂಗಸು ಕುಲುಕಾಟ ಇಲ್ಲದೆ ಹೋಗಬಹುದು. ಇನ್ನು ನನ್ನ ಗಂಡನಿಗೆ, ತಮ್ಮನಿಗೆ ಬಸ್ ಫ್ರೀ ಇಲ್ಲ. ದಿನಾ ಓಡಾಡುವವರಿಗೆ ರೈಲಿನ ತಿಂಗಳ ಪಾಸಿನಷ್ಟು ಅಗ್ಗ ಬೇರೇನೂ ಇಲ್ಲ. ಹೊತ್ತಿಗೆ ಸರಿಯಾದ ಗಾಡಿ, ನೇರ ದಾರಿ ಸಿಕ್ಕರೆ ನಾನಂತೂ ದುಡ್ಡು ಕೊಟ್ಟು ಹೋಗುತ್ತೇನೆ.

ಒಂದು ಸಲ ರೈಲಿನಲ್ಲೂ ಹೋಗಿ ನೋಡಿದೆ. ಗಾಡಿ ಸರಿಯಾದ ಹೊತ್ತಿಗೆ ಬಂತು, ಸರಿಯಾದ ಹೊತ್ತಿಗೆ ಬಿಟ್ಟಿತು. ಯಾರದ್ದೂ ತಪ್ಪಿರಲಿಲ್ಲ. ಕೂರಲು ಜಾಗ ಇತ್ತು, ಕಿಟಕಿಯಾಚೆ ಮಳೆಯಲ್ಲಿ ತೊಯ್ದ ಕಾಡು. ಬಲು ಚೆಂದ. ಆದರೆ ಬಸ್ಸಿನಲ್ಲಾದರೆ ನಾನು ಆಫೀಸಿನಲ್ಲಿ ಕೂತಿರುತ್ತಿದ್ದ ಹೊತ್ತಿಗೆ ಗಾಡಿ ಇನ್ನೂ ಖಾನಾಪುರದ ಕಡೆ ಓಡುತ್ತಿತ್ತು. ಅವತ್ತು ಅರ್ಧ ದಿನದ ರಜೆ ಬರೆದುಕೊಟ್ಟೆ. ಮತ್ತೆ ಆ ದಾರಿಗೆ ಹೋಗಲಿಲ್ಲ.

ಈಗ ರೈಲಿನ ಲೆಕ್ಕದಲ್ಲಿ ನಾನು ಹೇಗೆ ಕಾಣುತ್ತೇನೆ ಹೇಳಿ. ಧಾರವಾಡದಿಂದ ಬೆಳಗಾವಿಗೆ ವರ್ಷದಲ್ಲಿ ಒಂದು ಟಿಕೆಟ್. ಪಿ.ಬಿ. ರೋಡಿನಲ್ಲಿ ನಾನು ಹೋಗಿಬಂದ ಉಳಿದ ದಿನಗಳು ಅಲ್ಲಿ ಬರುವುದೇ ಇಲ್ಲ. ಸ್ಟೇಷನ್ನಿನಲ್ಲಿ ಎಷ್ಟು ಟಿಕೆಟ್ ಹೋಯಿತು ಅಂತ ನೋಡಿದರೆ ಬಂದವರ ಲೆಕ್ಕ ಸಿಗುತ್ತದೆ. ಬರಲಾರದೆ ಉಳಿದವರ ಲೆಕ್ಕ ಹೇಗೆ ಸಿಗಬೇಕು? ಪ್ರಾಯೋಗಿಕ ನಿಲುಗಡೆಯ ಕಥೆಯೂ ಇದೇ. ಒಂದು ಊರಿನಲ್ಲಿ ಆರು ತಿಂಗಳ ಮಟ್ಟಿಗೆ ಗಾಡಿ ನಿಲ್ಲಿಸಿ ನೋಡುತ್ತಾರೆ. ಟಿಕೆಟ್ ಚೆನ್ನಾಗಿ ಹೋದರೆ ನಿಲುಗಡೆ ಮುಂದುವರಿಯುತ್ತದೆ. ಆದರೆ ಆ ಗಾಡಿ ನಡುರಾತ್ರಿ ಎರಡು ಗಂಟೆಗೆ ಬಂದರೆ? ಸಂಜೆ ವಾಪಸ್ ಬರಲು ಗಾಡಿಯೇ ಇಲ್ಲದಿದ್ದರೆ? ಜನ ಬರಲ್ಲ ಅಂತ ರೈಲಿಲ್ಲ, ರೈಲಿಲ್ಲ ಅಂತ ಜನ ಬರಲ್ಲ. ಈ ಗಂಟನ್ನು ರೈಲಿನ ಟಿಕೆಟ್ ನೋಡಿ ಬಿಡಿಸಲಾಗುವುದಿಲ್ಲ. ಅದಕ್ಕೇ ಬಸ್ ಟಿಕೆಟ್ ನೋಡಿ ಅನ್ನುತ್ತಿದ್ದೇನೆ.

ಆ ದಾಖಲೆ ಹುಡುಕಿಕೊಂಡು ದೂರ ಹೋಗಬೇಕಾಗಿಯೂ ಇಲ್ಲ. ನೈರುತ್ಯ ರೈಲ್ವೆಯ ಕೇಂದ್ರ ಕಚೇರಿ ರೈಲ್ ಸೌಧ ಹುಬ್ಬಳ್ಳಿಯ ಗದಗ ರಸ್ತೆಯಲ್ಲಿದೆ. ವಾಯವ್ಯ ಸಾರಿಗೆಯ ಕೇಂದ್ರ ಕಚೇರಿ ಅದೇ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿದೆ. ಒಂದೇ ಊರು. ಆಟೋದಲ್ಲಿ ಹೋಗಿಬರುವಷ್ಟು ದೂರ. ಒಂದು ಕಡೆ ಹಳಿ, ಇನ್ನೊಂದು ಕಡೆ ಜನರ ಲೆಕ್ಕ. ತಿಂಗಳಿಗೊಮ್ಮೆ ಇಬ್ಬರೂ ಒಂದು ಮೇಜಿನ ಸುತ್ತ ಕೂತರೆ ಎಷ್ಟು ಕೆಲಸ ಆದೀತು!

ಆ ಲೆಕ್ಕವನ್ನು ಸುಮ್ನೆ ಕೂಡಿಸಿಬಿಟ್ಟರೆ ಆಗದು, ಅದೂ ಗೊತ್ತು. ಕಲಘಟಗಿಯಿಂದ ಬೆಳಗಾವಿಗೆ ಹೋಗುವವಳು ಹುಬ್ಬಳ್ಳಿಯಲ್ಲಿ ಬಸ್ ಬದಲಿಸುತ್ತಾಳೆ. ಅವಳ ಕೈಯಲ್ಲಿ ಎರಡು ಟಿಕೆಟ್ ಇರುತ್ತವೆ, ಲೆಕ್ಕದಲ್ಲಿ ಇಬ್ಬರಾಗಿ ಕಾಣುತ್ತಾಳೆ. ಪಾಸ್ ಇರುವ ಹುಡುಗರು ದಿನಾ ಟಿಕೆಟ್ ತೆಗೆದುಕೊಳ್ಳುವುದಿಲ್ಲ. ಬೈಕಿನಲ್ಲಿ, ಟೆಂಪೋದಲ್ಲಿ, ನಾಲ್ಕು ಜನ ಸೇರಿ ಕಾರಿನಲ್ಲಿ ಹೋಗುವವರೂ ಇದ್ದಾರೆ. ಅದಕ್ಕೆ ದಾರಿ ಒಂದೇ. ಬಸ್ ಸ್ಟ್ಯಾಂಡಿಗೆ, ಆಸ್ಪತ್ರೆಯ ಬಾಗಿಲಿಗೆ, ಕಾರ್ಖಾನೆಯ ಗೇಟಿಗೆ ಜನರನ್ನು ಕಳಿಸಿ ಕೇಳಿಸಬೇಕು. ಎಲ್ಲಿಂದ ಹೊರಟಿರಿ, ಎಲ್ಲಿಗೆ ಹೋಗಬೇಕು, ಎಷ್ಟು ಹೊತ್ತಿಗೆ ಮುಟ್ಟಬೇಕು, ವಾಪಸ್ ಎಷ್ಟು ಹೊತ್ತಿಗೆ. ಸೋಮವಾರ ಒಂದು ದಿನ, ವಾರದ ನಡುವೆ ಒಂದು ದಿನ, ಸಂತೆಯ ದಿನ ಒಂದು. ಸವದತ್ತಿಯ ಎಲ್ಲಮ್ಮನ ಹುಣ್ಣಿಮೆಯ ದಿನವೂ ಒಮ್ಮೆ ಕೇಳಿಸಿ. ಅಷ್ಟು ಜನ ಸೇರುವ ಆ ಗುಡ್ಡಕ್ಕೆ ಇವತ್ತಿಗೂ ರೈಲಿಲ್ಲ.

ಈಗ ಹೊಸ ಮಾರ್ಗದ ಮಾತಿಗೆ ಬರುತ್ತೇನೆ. ಧಾರವಾಡ–ಕಿತ್ತೂರು–ಬೆಳಗಾವಿ ನೇರ ಮಾರ್ಗ, 73 ಕಿಲೋಮೀಟರ್. ಬೆಳಗಾವಿಯ ಸಂಸದರಾಗಿ ರೈಲ್ವೆ ರಾಜ್ಯ ಸಚಿವರೂ ಆಗಿದ್ದ ಸುರೇಶ ಅಂಗಡಿಯವರು ಇದಕ್ಕಾಗಿ ಓಡಾಡಿದರು. 2020ರ ಸೆಪ್ಟೆಂಬರಿನಲ್ಲಿ ಕೋವಿಡ್ ಅವರನ್ನು ಕರೆದುಕೊಂಡಿತು. ಆಮೇಲಿನ ವರ್ಷಗಳು ಬಹುಮಟ್ಟಿಗೆ ಜಮೀನಿನ ಗಲಾಟೆಯಲ್ಲೇ ಹೋದವು. ಬೆಳಗಾವಿ ಕಡೆಯ ರೈತರು ಫಲವತ್ತಾದ ಹೊಲ ಹೋಗುತ್ತದೆ, ಬೇರೆ ಕಡೆಯಿಂದ ಹಳಿ ತನ್ನಿ ಅಂದರು. ಅವರನ್ನು ಬೈಯುವವರು ನನ್ನ ಬಸ್ಸಿನಲ್ಲೂ ಇದ್ದಾರೆ. ನಾನು ಬೈಯುವುದಿಲ್ಲ. ನಾಲ್ಕು ಎಕರೆ ಇದ್ದವನ ಹೊಲದ ನಡುವೆ ಹಳಿ ಹಾದರೆ ಅವನ ಬದುಕು ಎರಡು ತುಂಡಾಗುತ್ತದೆ. ಅವನ ಕಣ್ಣಮುಂದೆ ಗಾಡಿ ಸುಂಯ್ ಅಂತ ಹೋಗಿ, ಅವನೂರಿನಲ್ಲಿ ನಿಲ್ಲದೇ ಇದ್ದರೆ ಅವನು ಯಾಕೆ ಜಮೀನು ಕೊಡಬೇಕು? ದಿನಕ್ಕೆ ಇಷ್ಟು ಗಾಡಿ ಇಲ್ಲಿ ನಿಲ್ಲುತ್ತವೆ, ನಿಮ್ಮ ಮಗಳು ಇಷ್ಟು ಗಂಟೆಗೆ ಕಾಲೇಜಿಗೆ ಹೋಗಿ ಇಷ್ಟು ಗಂಟೆಗೆ ಮನೆಗೆ ಬರಬಹುದು ಅಂತ ಬರೆದುಕೊಟ್ಟು ಮಾತಾಡಿ ನೋಡಿ. ಮಾತು ಬೇರೆ ಥರ ನಡೆದೀತು.

ನನ್ನ ಭಯ ಏನೆಂದರೆ, ಹಳಿ ಬಂದ ಮೇಲೆ ಅದರ ಮೇಲೆ ದೂರದ ಗಾಡಿಗಳೇ ಓಡಬಹುದು. 2025ರ ಆಗಸ್ಟ್ 10ಕ್ಕೆ ಬೆಂಗಳೂರು–ಬೆಳಗಾವಿ ವಂದೇ ಭಾರತ್ ಶುರುವಾಯಿತು. ಅದಕ್ಕೂ ಮುಂಚೆ ಪುಣೆ–ಹುಬ್ಬಳ್ಳಿ ವಂದೇ ಭಾರತ್ ಬಂತು. ಸಂತೋಷ. ದೂರ ಹೋಗುವವರಿಗೆ ಅವು ಬೇಕು. ಆದರೆ ಟೀಚರ್, ವಕೀಲ, ಕಾರ್ಖಾನೆಯ ಹುಡುಗ, ಫೈಲು ಹಿಡಿದ ಅಜ್ಜಿ, ಇವರಿಗೆ ಬೇಕಾದದ್ದು ಗಂಟೆಗೊಂದು ಮೆಮು, ಅಂದರೆ ಹತ್ತಿರದ ಊರುಗಳ ನಡುವೆ ಓಡುವ ಕರೆಂಟಿನ ರೈಲು. ಹುಬ್ಬಳ್ಳಿಯಿಂದ ಹೊರಟು ಧಾರವಾಡ, ಹೈಕೋರ್ಟ್, ತೇಗೂರು, ಕಿತ್ತೂರು, ಎಂ.ಕೆ. ಹುಬ್ಬಳ್ಳಿ, ಬಾಗೇವಾಡಿ, ಸುವರ್ಣಸೌಧ ಅಂತ ನಿಂತು ನಿಂತು ಹೋಗುವ ಗಾಡಿ. ಮೆಮುವಿಗೆ ಎರಡೂ ತುದಿಯಲ್ಲಿ ಡ್ರೈವರ್ ಕ್ಯಾಬಿನ್ ಇರುತ್ತದೆ. ಎಂಜಿನ್ ಬಿಚ್ಚಿ ಆಚೆ ತುದಿಗೆ ಜೋಡಿಸುವ ಕೆಲಸ ಇಲ್ಲ. ಬಂದ ಪ್ಲಾಟ್‌ಫಾರಂನಿಂದಲೇ ಸ್ವಲ್ಪ ಹೊತ್ತಿಗೆ ವಾಪಸ್ ಬಿಡಬಹುದು.

ಗಂಟೆಗೊಂದು ಅಂತ ಯಾಕೆ ಹೇಳುತ್ತೇನೆ ಅಂದರೆ, ಹುಬ್ಬಳ್ಳಿ–ಧಾರವಾಡ ನೋಡಿ. 20 ಕಿಲೋಮೀಟರ್, ಜೋಡಿ ಹಳಿ ಇದೆ. ಆದರೂ ಜನ ಹತ್ತುವುದು ಚಿಗರಿ ಬಸ್. ಚಿಗರಿಗೆ ಟೈಮ್ ನೋಡಿಕೊಂಡು ಮನೆ ಬಿಡಬೇಕಾಗಿಲ್ಲ, ಒಂದು ಹೋದರೆ ಇನ್ನೊಂದು ಬರುತ್ತದೆ. ಹತ್ತಿರದ ಪ್ರಯಾಣದಲ್ಲಿ ವೇಗಕ್ಕಿಂತ ಇದೇ ದೊಡ್ಡದು. ಹತ್ತು ನಿಮಿಷ ಉಳಿಸುವ ಗಾಡಿಗೆ ಎರಡು ತಾಸು ಕಾಯಬೇಕಾದರೆ ಉಳಿಸಿದ್ದೇನು?

ಸ್ವಿಟ್ಜರ್ಲೆಂಡಿನವರು 1982ರಲ್ಲಿ ದೇಶಕ್ಕೆಲ್ಲ ಇಂಥ ವೇಳಾಪಟ್ಟಿ ತಂದರು. ಪ್ರತಿ ಗಂಟೆಯೂ ಅದೇ ನಿಮಿಷಕ್ಕೆ ಗಾಡಿ. ಆಮೇಲೆ 1987ರಲ್ಲಿ ಜನರ ಮತ ಪಡೆದು ಹೊಸ ಹಳಿಗಳ ದೊಡ್ಡ ಯೋಜನೆಗೆ ಕೈಹಾಕಿದರು. ಅಲ್ಲಿಯೂ ಮೊದಲು ಗೊತ್ತು ಮಾಡಿದ್ದು ವೇಳಾಪಟ್ಟಿಯನ್ನು. ಈ ಊರಿಂದ ಆ ಊರಿಗೆ ಒಂದು ಗಂಟೆಯೊಳಗೆ ಗಾಡಿ ಮುಟ್ಟಬೇಕು, ಆಗ ಅಲ್ಲಿಯ ಮುಂದಿನ ಗಾಡಿ ಸಿಗುತ್ತದೆ ಅಂತ ಬರೆದುಕೊಂಡರು. ಎಲ್ಲಿ ಹಳೆಯ ಹಳಿ ಸಾಲದೋ ಅಲ್ಲಿ ಹೊಸ ಹಳಿ ಹಾಕಿದರು. ಅವರ ದುಡ್ಡು, ಅವರ ದೇಶ ಬೇರೆ. ಆದರೆ ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ ನಮಗೂ ಆಗಿಬರುತ್ತದೆ ಅಲ್ವಾ?

ಇದು ಕಾಗದದ ಮೇಲಿನ ಮಾತೂ ಅಲ್ಲ. ಕಿತ್ತೂರು ಮಾರ್ಗವನ್ನು ಸಿಂಗಲ್ ಲೈನ್ ಅಂತ ಹಾಕಿದರೆ ಎದುರು ಬದುರು ಬರುವ ಗಾಡಿಗಳು ಸ್ಟೇಷನ್ನಿನಲ್ಲಿ ಮಾತ್ರ ಒಂದನ್ನೊಂದು ದಾಟಬಹುದು. ಎರಡೂ ಕಡೆಯಿಂದ ಗಂಟೆಗೊಂದು ಗಾಡಿ ಬಿಟ್ಟರೆ, ಓಡುವ ಗಾಡಿಗೆ ಪ್ರತಿ ಅರ್ಧ ಗಂಟೆಗೊಮ್ಮೆ ಎದುರಿನ ಗಾಡಿ ಸಿಗುತ್ತದೆ. ಆ ಅರ್ಧ ಗಂಟೆಯ ಓಟ ಎಲ್ಲಿ ಮುಗಿಯುತ್ತದೋ ಅಲ್ಲಿಯೇ ಕ್ರಾಸಿಂಗ್‌ಗೆ ಲೂಪ್ ಲೈನ್, ಅಂದರೆ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲುವ ಹಳಿ, ಬೇಕು. ವೇಳಾಪಟ್ಟಿ ಮೊದಲೇ ಇದ್ದರೆ ಆ ಜಾಗ ಈಗಲೇ ಗೊತ್ತಾಗುತ್ತದೆ, ಅಷ್ಟು ಜಮೀನು ಈಗಲೇ ತೆಗೆದುಕೊಳ್ಳಬಹುದು. ಇಲ್ಲದಿದ್ದರೆ ಎಲ್ಲೋ ಒಂದು ಕಡೆ ಲೂಪ್ ಹಾಕಿ, ಆಮೇಲೆ ಪ್ಯಾಸೆಂಜರ್ ಗಾಡಿಯನ್ನು ಇಪ್ಪತ್ತು ನಿಮಿಷ ಬಯಲಲ್ಲಿ ನಿಲ್ಲಿಸಬೇಕಾಗುತ್ತದೆ. ಕಿಟಕಿಯಿಂದ ಕತ್ತು ಹೊರಗೆ ಹಾಕಿ, ಎದುರಿನ ಗಾಡಿ ಬಂತೇನು ಅಂತ ನೋಡುವ ಆ ಇಪ್ಪತ್ತು ನಿಮಿಷ ನಮಗೆಲ್ಲ ಗೊತ್ತು.

ಸ್ಟೇಷನ್ ಜಾಗದ ಮಾತೂ ಹಾಗೇ. ಕಿತ್ತೂರಿನ ಸ್ಟೇಷನ್ ಊರಿನ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ ಇರಲಿ. ಬೈಲಹೊಂಗಲದ ಬಸ್ ಅಲ್ಲಿಗೇ ಬಂದು ನಿಲ್ಲಲಿ. ರೈಲು ಇಳಿದ ಮೇಲೆ ಆಟೋಕ್ಕೆ ಕೊಡುವ ದುಡ್ಡು ರೈಲಿನ ಟಿಕೆಟ್‌ಗಿಂತ ಜಾಸ್ತಿ ಆಗುವ ಊರುಗಳು ನಮ್ಮಲ್ಲಿ ಕಮ್ಮಿ ಇಲ್ಲ.

ಇದು ಧಾರವಾಡದವರ ಗೋಳು ಮಾತ್ರ ಅಂದುಕೊಳ್ಳಬೇಡಿ. ಮಂಗಳೂರು–ಉಡುಪಿ ನಡುವೆ ಬೆಳಗಿನಿಂದ ರಾತ್ರಿ ತನಕ ಬಸ್ ಮೇಲೆ ಬಸ್. ಅಲ್ಲಿಯ ರೈಲಿನ ದಾರಿ ಒಂದು ತುದಿಗೆ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ್ದು, ಇನ್ನೊಂದು ತುದಿಗೆ ಕೊಂಕಣ ರೈಲ್ವೆಯದ್ದು. ಜನ ಓಡಾಡುವಾಗ ಆ ಗಡಿ ಅವರ ಕಣ್ಣಿಗೆ ಬೀಳುವುದಿಲ್ಲ, ವೇಳಾಪಟ್ಟಿ ಬರೆಯುವಾಗ ಮಾತ್ರ ಬೀಳುತ್ತದೆ. ಗದಗ–ವಾಡಿ ಮಾರ್ಗದಲ್ಲಿ 2025ರ ಮೇ ತಿಂಗಳಲ್ಲಿ ಕುಷ್ಟಗಿ ತನಕ ರೈಲು ಬಂತು. ಆ ಊರಿನವರು ಎಷ್ಟು ಹೊತ್ತಿಗೆ ಹುಬ್ಬಳ್ಳಿ ಮುಟ್ಟಬೇಕು, ಎಷ್ಟು ಹೊತ್ತಿಗೆ ಮನೆಗೆ ವಾಪಸ್ ಹೊರಡಬೇಕು ಅಂತ ಕೇಳಿ. ಹೊತ್ತು ಹೊಂದಿದರೆ ಏನಾಗುತ್ತದೆ ಅನ್ನುವುದಕ್ಕೆ ತುಮಕೂರಿನವರು ಸಾಕ್ಷಿ. ಬೆಂಗಳೂರಿಗೆ ಸುಮಾರು 70 ಕಿಲೋಮೀಟರ್. ಆಫೀಸಿನ ಹೊತ್ತಿಗೆ ಗಾಡಿ ಇದೆ, ಹಾಗಾಗಿ ತಿಂಗಳ ಪಾಸ್ ಹಿಡಿದು ದಿನಾ ಹೋಗಿಬರುತ್ತಾರೆ. ಮಂಡ್ಯ, ಮದ್ದೂರಿನವರಿಗೂ ಹಾಗೇ.

ರಾಜ್ಯ ಸರ್ಕಾರಕ್ಕೂ ಒಂದು ಮಾತು. ಬೆಂಗಳೂರಿನ ಉಪನಗರ ರೈಲಿಗೆ 2020ರಲ್ಲಿ ಒಪ್ಪಿಗೆ ಸಿಕ್ಕಿತು. ನಾಲ್ಕು ಕಾರಿಡಾರ್, 148 ಕಿಲೋಮೀಟರ್. ಅದಕ್ಕೆ ಕೆ-ರೈಡ್ ಇದೆ. ರಾಜ್ಯ ಮತ್ತು ರೈಲ್ವೆ ಎರಡೂ ಸೇರಿದ ಕಂಪನಿ. ಬೆಂಗಳೂರಿಗೆ ಬೇಕೇ ಬೇಕು, ನಾನು ಅಸೂಯೆ ಪಡುವುದಿಲ್ಲ. ಆದರೆ ಹುಬ್ಬಳ್ಳಿ–ಧಾರವಾಡ–ಬೆಳಗಾವಿಗೂ ಅದೇ ಕಂಪನಿಯಿಂದ ಒಂದು ಪ್ರಯಾಣಿಕರ ಸರ್ವೆ ಮಾಡಿಸಿ. ಶಕ್ತಿಯ ಟಿಕೆಟ್ ದಾಖಲೆಯನ್ನು, ಹೆಸರು, ಆಧಾರ್ ಯಾವುದೂ ಇಲ್ಲದ ಹಾಗೆ, ಹತ್ತಿದ ಊರು, ಇಳಿದ ಊರು, ಹೊತ್ತು ಇಷ್ಟನ್ನೇ ರೈಲ್ವೆಗೆ ಕೊಡಿ. ಸಾರ್ವಜನಿಕರಿಗೂ ಕಾಣುವ ಹಾಗೆ ಇಡಿ. ರೈಲ್ವೆಯವರು ಕಿತ್ತೂರು ಮಾರ್ಗದ ವೇಳಾಪಟ್ಟಿಯ ಕರಡನ್ನು ಹಳಿ ಹಾಕುವ ಮುಂಚೆ ಪ್ರಕಟಿಸಲಿ. ಕಿತ್ತೂರಿನಲ್ಲಿ, ಎಂ.ಕೆ. ಹುಬ್ಬಳ್ಳಿಯಲ್ಲಿ, ಬಾಗೇವಾಡಿಯಲ್ಲಿ ಒಂದೊಂದು ದಿನ ಕೂತು ಜನರ ಮಾತು ಕೇಳಲಿ. ಸಭೆ ಕಚೇರಿಯ ಹೊತ್ತಿನಲ್ಲಿ ಬೇಡ, ಸಂಜೆ ಏಳರ ಮೇಲೆ ಇಡಿ. ನಾವೆಲ್ಲ ಬಸ್ ಇಳಿದು ಬರುವುದು ಆಗಲೇ.

ಸರ್ವೆಗೆ ಜನ ಬೇಕಾದರೆ ನಾನು ಬರುತ್ತೇನೆ. ನನ್ನ ಜೊತೆ ಹೋಗಿಬರುವವರಲ್ಲಿ ನಾಲ್ಕೈದು ಜನ ಈಗಲೇ ಹೂಂ ಅಂದಿದ್ದಾರೆ. ಟೀಚರ್ ಒಬ್ಬರು ಪ್ರಶ್ನೆಗಳ ಹಾಳೆಯನ್ನು ಕೈಯಲ್ಲೇ ಬರೆದಿಟ್ಟಿದ್ದಾರೆ. ವಾರದ ಯಾವ ದಿನವಾದರೂ ಬೆಳಗ್ಗೆ ಏಳೂವರೆಗೆ ಧಾರವಾಡದ ಹೊಸ ಬಸ್ ಸ್ಟ್ಯಾಂಡಿನಲ್ಲಿ, ಬೆಳಗಾವಿ ಬಸ್ ನಿಲ್ಲುವ ಕಡೆ ಸಿಗುತ್ತೇವೆ.

ಇಂತಿ,
ದಿನಾ ಬೆಳಗಾವಿಗೆ ಹೋಗಿಬರುವ ಧಾರವಾಡದ ಒಬ್ಬ ಪ್ರಯಾಣಿಕಳು